ತುಕ್ಕು ಬಿಡಿಸಿದ ಪಾಕ

ಕೊಪ್ಪದ ಪರಿಚಿತರೊಬ್ಬರ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿದ್ದ ಹಳೇ ಕಾರನ್ನು ಗುತ್ತಲಿನ ನಮ್ಮ ಮನೆಗೆ ಎಳೆದು ತಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ಇದು ಓಡ್ತದಾ, ಇಲ್ಲ ನಾವೇ ತಳ್ಕಂಡು ಓಡಾಡ್ಬೇಕಾ?” ಪುಕ್ಕಟೆ ಸಿಕ್ಕಿತು ಕಣೇ ಎಂದೆ. ಬಿಟ್ಟಿ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಪೈಕಿ ನಾನು.

ಆ ಪುಕ್ಕಟೆ ಕಾರು ತಿಂದಷ್ಟು ದುಡ್ಡನ್ನು ನಮ್ಮ ಮನೆಯಲ್ಲಿ ಇನ್ಯಾವುದೂ ತಿಂದಿಲ್ಲ. ಹೆಡ್‌ಲೈಟಿನ ಸುತ್ತಲ ಬಳೆಯೊಂದಕ್ಕೆ ಮಳವಳ್ಳಿಯ ಗುಜರಿ ಅಂಗಡಿಗೆ ಮೂರು ಭಾನುವಾರ ಅಲೆದೆ. ಮೂಗಿಗಿಂತ ಮೂಗುತಿ ಭಾರ ಎಂದು ಇವಳು ಗೊಣಗುತ್ತಿದ್ದಳು. ಆದರೂ ಸಂಬಳದ ದಿನ “ಈ ತಿಂಗ್ಳು ಅದಕ್ಕೇನು ಕೊಡುಸ್ತೀರಿ?” ಎಂದು ತಾನೇ ಕೇಳುವಳು. ಅಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು.

ತುಕ್ಕಿನ ಮದ್ದು ಹೇಳಿಕೊಟ್ಟವನು ಮದ್ದೂರಿನ ಟಿಂಕರ್ ಕೆಲಸದವನು. “ಆಸಿಡ್ ಆಕುದ್ರೆ ತಗಡ್ನೂ ತಿಂದಾಕ್ತದೆ ಸಾರ್. ಆಲೆಮನೇಲಿ ಗಟ್ಟಿಯಾಗ್ದೆ ಉಳ್ದ ಪಾಕ ತಂದು ನೀರಲ್ಲಿ ಕಲ್ಸಿ, ಅದ್ರಲ್ಲಿ ನೆನೆ ಆಕಿ. ತುಕ್ಕು ತಾನೇ ಬುಡ್ತದೆ.” ಬೆಲ್ಲದೂರಿನವನಿಗೆ ಪಾಕಕ್ಕೇನು ಬರ? ಹಿತ್ತಲಲ್ಲಿ ದೊಡ್ಡ ಡ್ರಮ್ಮಿಟ್ಟು, ಕಾರಿನ ಬಿಡಿಭಾಗಗಳನ್ನೆಲ್ಲ ಅದರಲ್ಲಿ ಮುಳುಗಿಸಿದೆ. ಬಿಸಿಲಿಗೆ ಪಾಕ ಹುಳಿಯುತ್ತದೆಂಬುದು ಮಾತ್ರ ಈ ಜಾಣನಿಗೆ ಹೊಳೆಯಲಿಲ್ಲ. ಎರಡು ವಾರದಲ್ಲಿ ಬೀದಿಯೆಲ್ಲ ಸಾರಾಯಿಯ ನಾತ.

ನನ್ನ ಹೆಂಡತಿ ನಮ್ಮ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ. ಕದ್ದು ಸಾರಾಯಿ ಮಾರುತ್ತಿದ್ದವನ ಕ್ಯಾನುಗಳನ್ನು ಹಿಂದಿನ ವರ್ಷ ಚರಂಡಿಗೆ ಸುರಿಸಿದವಳು ಅವಳೇ. ಒಂದು ಬೆಳಿಗ್ಗೆ ಅದೇ ಸಂಘದ ಏಳೆಂಟು ಹೆಂಗಸರು ನಮ್ಮ ಬಾಗಿಲಿಗೆ ಬಂದರು.

“ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನಿಮ್ಮ ಇತ್ಲಲ್ಲೇ ಕಾಯಿಸ್ತಾವ್ರೆ ಅಂತ ಜನ ಆಡ್ಕತಾವ್ರೆ,” ಎಂದಳು ಒಬ್ಬಳು, ನೆಲ ನೋಡುತ್ತ.

ಇನ್ನು ನನ್ನ ಹೆಂಡತಿಯ ಮಾತಿಗೆ ಆ ಬೀದಿಯಲ್ಲಿ ಯಾರು ಬೆಲೆ ಕೊಡುತ್ತಾರೆ? ವಿವರಿಸಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು, ಆ ಕಪ್ಪು ನೊರೆಯೊಳಗೆ ಬಲಗೈಯನ್ನು ಮೊಣಕೈವರೆಗೆ ಇಳಿಸಿ, ಕಾರಿನ ಬಾಗಿಲ ಕೀಲೊಂದನ್ನು ಹೊರಗೆಳೆದಳು. ತೊಳೆದಾಗ ಅದು ಬೆಳ್ಳಗೆ ಮಿನುಗಿತು.

“ಕುಡಿಯೋ ಗಂಡುಂಗಾದ್ರೆ ಕುಡ್ತ ಬುಡುಸ್ಬೋದು ಕಣ್ರಮ್ಮ. ಈ ತುಕ್ಕಿನ ಉಚ್ಚು ಬುಡ್ಸಕ್ಕೆ ಯಾವ ಸಂಘ ಐತೆ, ಏಳಿ?”

ಹೆಂಗಸರು ಬಿದ್ದು ಬಿದ್ದು ನಕ್ಕರು. ಕಾಫಿ ಕುಡಿದು ಹೋದರು.

ಆ ದಿನವೇ ಡ್ರಮ್ಮನ್ನು ಕೊಪ್ಪದ ಕೊಟ್ಟಿಗೆಗೆ ಸಾಗಿಸಿದೆ. ತಪ್ಪಾಯಿತು ಎಂದೆ. “ಬುಡಿ, ಆಯ್ತಲ್ಲ,” ಎಂದು ನಿಂಬೆಹೋಳಿನಿಂದ ಕೈ ತಿಕ್ಕುತ್ತಲೇ ಇದ್ದಳು. ಸೀಗೆಪುಡಿ ಹಾಕಿ ತಿಕ್ಕಿದ್ದೂ ಆಗಿತ್ತು. ಕಪ್ಪು ಹೋದರೂ ನಾತ ಹೋಗಲಿಲ್ಲ.

ಎರಡು ದಿನ ಬಿಟ್ಟು ಸಂಘದ ಸಭೆಯಿಂದ ಅವಳನ್ನು ಕರೆತರಲು ಸ್ಕೂಟರಿನಲ್ಲಿ ಹೋದೆ. ಬಾಗಿಲಲ್ಲೇ ನಿಂತು ನೋಡಿದೆ. ಎಲ್ಲರ ನಡುವೆ ಕೂತು ಎಂದಿನಂತೆ ಗಟ್ಟಿಯಾಗಿ ಮಾತಾಡುತ್ತಿದ್ದಳು. ಬಲಗೈ ಮಾತ್ರ ಸೆರಗಿನೊಳಗಿತ್ತು.