ಎರಡನೇ ಸಲ ಕೇಳುವವರು

ಶನಿವಾರ ಮಧ್ಯಾಹ್ನ ಮನೆಯಲ್ಲಿ ಅಡುಗೆ ಮಾಡುವುದನ್ನು ನಾನು ಬಿಟ್ಟು ಮೂರು ವರ್ಷವಾಯಿತು. ವಾರದ ಉಳಿದ ದಿನ ಸಿಡ್ನಿಯ ಅಂಚಿನ ಲಿವರ್‌ಪೂಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಡವರ ರಕ್ತ ನೋಡುತ್ತ ಕೂತಿರುತ್ತೇನೆ. ಉಪ್ಪಿಟ್ಟೋ ಒಗ್ಗರಣೆ ಅನ್ನವೋ ಡಬ್ಬಿಯಲ್ಲಿ ಏನೋ ಒಂದು ನಡೆದುಹೋಗುತ್ತದೆ. ಶನಿವಾರ ಮಾತ್ರ ನಡೆಯುವುದಿಲ್ಲ. ನಮ್ಮವರು ಇದ್ದಾಗ ಶನಿವಾರವೆಂದರೆ ಎಣ್ಣೆಗಾಯಿ, ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಮೊಸರು. ಅವರು ತೀರಿಕೊಂಡ ಮೇಲೆ ಒಂದು ಶನಿವಾರ ಒಂದು ಹಿಡಿ ಬದನೆಕಾಯಿ ತಂದೆ. ನಾಲ್ಕು ಸೀಳು ಮಾಡಿ, ಮಸಾಲೆ ತುಂಬಲು ಹೋದವಳು ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತೆ. ಅಳು ಬರಬೇಕಿತ್ತೋ ಏನೋ, ನನಗೆ ಬಂದದ್ದು ಸಿಟ್ಟು. ಬದನೆಕಾಯಿ ಫ್ರಿಜ್ಜಿಗೆ ತುರುಕಿ, ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ನಡೆದೆ.

ಲಿವರ್‌ಪೂಲಿನಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಅಂತಲ್ಲ. ದೋಸೆಯೂ ಸಿಗುತ್ತದೆ, ಬಿರಿಯಾನಿಯೂ ಸಿಗುತ್ತದೆ. ಆದರೆ ಅಲ್ಲಿ ನಮ್ಮ ಮಂದಿ ಇರುತ್ತಾರೆ. ಅದಕ್ಕೂ ಮುಂಚೆ ಒಮ್ಮೆ ಬೆಂಗಳೂರಿನ ಕಡೆಯ ಒಬ್ಬ ಹುಡುಗಿ, ಗಂಡ ಮಕ್ಕಳ ಜೊತೆ ಕೂತವಳು, ದೋಸೆ ಮುರಿಯುವುದನ್ನು ನಿಲ್ಲಿಸಿ, "ಆಂಟಿ, ಒಬ್ರೇ ಬಂದಿದ್ದೀರಾ?" ಅಂತ ಕೇಳಿದಳು. ಪಾಪದ ಹುಡುಗಿ, ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ನಾನು ಮಾತ್ರ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಒಬ್ಬಳೇ ಉಣ್ಣುವುದಾದರೆ ನನ್ನ ಗುರುತೇ ಇಲ್ಲದವರ ನಡುವೆ ಉಣ್ಣಬೇಕು ಅಂತ ಅವತ್ತು ತೀರ್ಮಾನಿಸಿದೆ. ಸುಮಾರು ಒಂದು ತಾಸು ಟ್ರೇನಿನಲ್ಲಿ ಕೂತರೆ ಸೆಂಟ್ರಲ್ ಸ್ಟೇಷನ್, ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಚೈನಾಟೌನ್.

ಅಲ್ಲಿ ಸೋವಿಯಾಗಿ ಉಣ್ಣುವ ವಿದ್ಯೆಯನ್ನು ನಾನು ಯಾರಿಂದಲೂ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತೆ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೆಯುವ ಕಡೆ ಹೋಗಬಾರದು. ನೆಲಮಾಳಿಗೆಯ ಫುಡ್ ಕೋರ್ಟಿಗೆ ಇಳಿಯಬೇಕು. ಮೆನುವಿನ ಫೋಟೋಗಳು ಹಳೆಯದಾಗಿ ಬಿಳಚಿಕೊಂಡಿದ್ದರೂ ಎದುರಿಗೆ ಸ್ಟೂಡೆಂಟುಗಳ ಸಾಲಿದ್ದರೆ ಅದೇ ಅಂಗಡಿ. ತಟ್ಟೆ ಇಬ್ಬರಿಗಾಗುವಷ್ಟು ಬರುತ್ತದೆ. ಅರ್ಧ ಉಂಡು ಅರ್ಧ ಡಬ್ಬಿಗೆ ಹಾಕಿಸಿಕೊಂಡರೆ ರವಿವಾರದ್ದೂ ಮುಗಿಯಿತು. ಮೊದಲನೇ ವಾರ ಬೀನ್ಸ್ ಪಲ್ಯ ಅಂತ ಆರಿಸಿಕೊಂಡದ್ದರಲ್ಲಿ ಸಣ್ಣಗೆ ಕೊಚ್ಚಿದ ಹಂದಿಮಾಂಸವಿತ್ತು. ನಾನು ಹುಟ್ಟಿದಾಗಿನಿಂದ ಮಾಂಸ ತಿಂದವಳಲ್ಲ. ಎರಡು ತುತ್ತು ಒಳಗೆ ಹೋದ ಮೇಲೆ ಗೊತ್ತಾಗಿ, ಸುಮ್ಮನೆ ಎದ್ದು ಬಾಯಿ ತೊಳೆದು ಬಂದೆ. ಸೋಮವಾರ ಲ್ಯಾಬಿನ ಚೀನೀ ಹುಡುಗಿ ನನ್ನ ಕಥೆ ಕೇಳಿ ನಕ್ಕು, ಅವರ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಟ್ಟಳು: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ನಡೆಯುತ್ತದೆ. ಪರ್ಸಿನಲ್ಲಿ ಮಡಚಿ ಮಡಚಿ ಆ ಚೀಟಿ ಈಗ ಅರಿವೆಯಂತೆ ಮೆತ್ತಗಾಗಿದೆ.

ಹೊಟ್ಟೆ ತುಂಬುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಆ ದೊಡ್ಡ ಗದ್ದಲದ ನಡುವೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನನಗೆ ಬೇಕಾಗಿದ್ದೂ ಅದೇ ಅಲ್ಲವೇ ಅಂತ ನನ್ನನ್ನು ನಾನೇ ಗದರಿಕೊಳ್ಳುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಧಾರವಾಡದ ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಮೊದಲನೇ ಸಲಕ್ಕೆ ಹೂಂ ಅನ್ನುವುದಿಲ್ಲ. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದರೆ, "ಒಲ್ಲೆರಿ, ಭಾಳ ಆತು." ಎರಡನೇ ಸಲ, "ಅರ್ಧಾ ಆದ್ರೂ ತಗೋರಿ" ಅಂದರೆ ತಾಟಿನ ಮೇಲೆ ಅಂಗೈ ಅಡ್ಡ. ಮೂರನೇ ಸಲ ಬಡಿಸುವವರು ಆ ಕೈಯನ್ನು ಸರಿಸಿ ಹಾಕಿಯೇ ಬಿಡಬೇಕು, ನಾವು ಗೊಣಗುತ್ತ ತಿನ್ನಬೇಕು. ಮೊದಲನೇ ಸಲಕ್ಕೇ ಹೂಂ ಅಂದರೆ ನಮ್ಮತ್ತೆಯ ಬಾಯಲ್ಲಿ ಅವಳು ಬರಗೆಟ್ಟಾಕಿ. ಇಪ್ಪತ್ತಾರು ವರ್ಷದಿಂದ ಈ ದೇಶದಲ್ಲಿದ್ದೇನೆ, ಮೊದಲನೇ ಸಲ ಒಲ್ಲೆ ಅನ್ನುವ ಚಟ ಇನ್ನೂ ಹೋಗಿಲ್ಲ. ಆಫೀಸಿನ ಪಾರ್ಟಿಗಳಲ್ಲಿ ಕೇಕ್ ಬೇಡ ಅಂದು, ತಟ್ಟೆ ಮುಂದಕ್ಕೆ ಹೋಗುವುದನ್ನು ನೋಡುತ್ತ ಕೂತದ್ದು ಎಷ್ಟು ಸಲವೋ. ಇಲ್ಲಿನವರು ಒಮ್ಮೆ ಕೇಳುತ್ತಾರೆ, ಬೇಡವೆಂದರೆ ಮರ್ಯಾದೆಯಿಂದ ಬಿಟ್ಟುಬಿಡುತ್ತಾರೆ.

ಕೇಕ್ ಹೋದರೆ ಹೋಯಿತು. ಆದರೆ ಕಳೆದ ವರ್ಷ ಅದೇ ಚಟದಿಂದ ನಾನು ಮಾಡಿಕೊಂಡ ಎಡವಟ್ಟು ಬೇರೆ.

ಮಗಳು, ಅಳಿಯ ಇರುವುದು ಮೆಲ್ಬರ್ನಿನ ಟಾರ್ನೀಟಿನಲ್ಲಿ. ಹೊಸ ಮನೆ, ಅಂಗಳದಲ್ಲಿ ಇನ್ನೂ ಹುಲ್ಲು ಹತ್ತಿರಲಿಲ್ಲ. ನಾಲ್ಕು ದಿನಕ್ಕೆಂದು ಹೋದಾಗ ನನ್ನ ಶನಿವಾರದ ಚಾಳಿ ಗೊತ್ತಿದ್ದ ಮಗಳು ಅಲ್ಲಿನ ಚೈನಾಟೌನಿಗೆ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತಿ ಹೋಗುವ ಇಕ್ಕಟ್ಟಿನ ಜಾಗ, ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುವ ಕಡುಬಿನಂಥವು, ಒಳಗೆ ಎಲೆಕೋಸು, ಅಣಬೆ. ಮೂವರು ಒಂದೇ ಬುಟ್ಟಿಗೆ ಕೈ ಹಾಕಿ ತಿನ್ನುತ್ತಿದ್ದೆವು. ಅವಳ ಚಾಪ್‌ಸ್ಟಿಕ್ ನನ್ನದಕ್ಕೆ ತಾಗಿತು. ಆಗ ಅವಳು ತಲೆ ಎತ್ತದೆ ಇಂಗ್ಲಿಷಿನಲ್ಲಿ ಕೇಳಿದಳು, ಹಿಂದಿನ ರೂಮು ಖಾಲಿ ಇದೆ, ನೀನು ಇಲ್ಲಿಗೇ ಯಾಕೆ ಬರಬಾರದು, ಇಲ್ಲಿಯೂ ಆಸ್ಪತ್ರೆಗಳಿವೆ, ಲ್ಯಾಬುಗಳಿವೆ.

ಹಿಡಿದಿದ್ದ ಕಡುಬನ್ನು ಬುಟ್ಟಿಗೇ ವಾಪಸು ಇಟ್ಟೆ. "ಅಯ್ಯ, ನಂದೇನವ್ವಾ," ಅಂದೆ. "ಅಲ್ಲೇ ಆರಾಮ ಇದ್ದೀನಿ. ನಿಮಗ್ಯಾಕ ತೊಂದ್ರಿ, ಬ್ಯಾಡ ಬಿಡು."

"ನೋ ವರೀಸ್ ಅಮ್ಮ," ಅಂದಳು. ನಿನಗೆ ಹೇಗೆ ಅನುಕೂಲವೋ ಹಾಗೆ ಅಂತ ಇಂಗ್ಲಿಷಿನಲ್ಲಿ ಸೇರಿಸಿ, ಮೆನು ಕೈಗೆತ್ತಿಕೊಂಡು ಇನ್ನೊಂದು ಬುಟ್ಟಿ ಹೇಳಿದಳು.

ಎರಡನೇ ಸಲ ಕೇಳುತ್ತಾಳೆ ಅಂತ ಕಾದೆ. ವಾಪಸು ಟ್ರೇನಿನಲ್ಲಿ ಕೇಳಬಹುದು ಅಂದುಕೊಂಡೆ, ಮಾರನೇ ದಿನ ಕಾಫಿಗೆ ಕೂತಾಗ ಅಂದುಕೊಂಡೆ. ಏರ್‌ಪೋರ್ಟಿನಲ್ಲಿ ಬಿಗಿಯಾಗಿ ತಬ್ಬಿಕೊಂಡಾಗ ಈಗ ಕೇಳುತ್ತಾಳೆ ಅಂತ ಬ್ಯಾಗು ಕೆಳಗಿಟ್ಟೆ. "ಟೆಕ್ಸ್ಟ್ ಮಿ ವೆನ್ ಯೂ ಲ್ಯಾಂಡ್," ಅಂದಳು. ವಿಮಾನದಲ್ಲಿ ಕೊಟ್ಟ ಬಿಸ್ಕತ್ತನ್ನೂ ಬೇಡ ಅಂದು ಕಿಟಕಿಗೆ ಮುಖ ಮಾಡಿ ಕೂತೆ.

ಸಿಡ್ನಿಗೆ ಬಂದ ಮೇಲಿನ ಶನಿವಾರ ಫುಡ್ ಕೋರ್ಟಿನ ಮೆಟ್ಟಿಲು ಇಳಿಯಲು ಮನಸ್ಸಾಗದೆ ಬೀದಿಯಲ್ಲೇ ತಿರುಗುತ್ತಿದ್ದೆ. ಜೀರಿಗೆ ಹುರಿದ ವಾಸನೆ ಬಂತು. ಚೈನಾಟೌನಿನಲ್ಲಿ ಜೀರಿಗೆ ಎಲ್ಲಿಂದ ಅಂತ ಆ ವಾಸನೆಯ ಜಾಡು ಹಿಡಿದುಕೊಂಡು ಹೋದರೆ ಅದು ಉಯ್ಘುರ್ ಜನರ ಹೋಟೆಲ್. ಚೀನಾದ ಪಶ್ಚಿಮದ ತುದಿಯ ಮುಸ್ಲಿಮರು ಅವರು. ಬಾಗಿಲ ಪಕ್ಕ ಕೆಂಡದ ಮೇಲೆ ಕುರಿಮಾಂಸ ಸುಡುತ್ತಿತ್ತು. ಆ ಹೊಗೆಗೆ ವಾಪಸು ಹೊರಟವಳು ಒಳಗೆ ಕಂಡದ್ದಕ್ಕೆ ನಿಂತೆ. ಒಬ್ಬ ಹಿಟ್ಟನ್ನು ಎರಡು ಕೈಯಲ್ಲಿ ಎಳೆದು, ಮೇಜಿಗೆ ಪಟಪಟ ಬಡಿದು ಉದ್ದನೆಯ ಶಾವಿಗೆ ಮಾಡುತ್ತಿದ್ದ. ರೊಟ್ಟಿ ಬಡಿಯುವ ಸದ್ದಿಗೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ.

ಮೂಲೆಯ ಮೇಜಿನಲ್ಲಿ ತಲೆಗೆ ಹೂವಿನ ಅರಿವೆ ಕಟ್ಟಿಕೊಂಡ ಹೆಂಗಸೊಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಹೋಟೆಲ್ ಅವಳ ತಮ್ಮನದು, ಹಿಟ್ಟು ಬಡಿಯುತ್ತಿದ್ದವನು ಅವನೇ ಅಂತ ಆಮೇಲೆ ಗೊತ್ತಾಯಿತು. ಎದ್ದು ಬಂದು ಒಂದು ಬೆರಳೆತ್ತಿ, "ಒನ್?" ಅಂದಳು. ನಾನೂ ಒಂದು ಬೆರಳೆತ್ತಿದೆ. ಅವಳು ಅದು ಸರಿಯಲ್ಲ ಅನ್ನುವಂತೆ ತಲೆ ಅಲ್ಲಾಡಿಸಿ ಕುರ್ಚಿ ಎಳೆದುಕೊಟ್ಟಳು. ನನ್ನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟು, "ಮೀಟ್ ನೋ? ಓಕೆ," ಅಂದಳು, ಅಷ್ಟೇ. ಬಂದದ್ದು ಲಗ್ಮನ್. ಆ ಎಳೆದ ಶಾವಿಗೆಯ ಮೇಲೆ ಟೊಮೆಟೊ, ಡೊಣ್ಣ ಮೆಣಸಿನಕಾಯಿ, ಬೀನ್ಸ್, ಕೈ ಬಿಚ್ಚಿ ಹಾಕಿದ ಬೆಳ್ಳುಳ್ಳಿ. ಇಬ್ಬರು ಉಂಡರೂ ಉಳಿಯುತ್ತಿತ್ತು.

ಅರ್ಧ ಉಂಡಾಗ ಅವಳು ಬುಟ್ಟಿಯಲ್ಲಿ ಬಿಸಿ ನಾನ್ ತಂದಳು. ಗುಂಡಗೆ, ದಪ್ಪಗೆ, ನಡುವೆ ಚುಚ್ಚಿ ಚುಚ್ಚಿ ಹೂವಿನ ಚಿತ್ತಾರ. "ನೋ ನೋ, ಥ್ಯಾಂಕ್ಯೂ," ಅಂದೆ. "ಗುಡ್. ಈಟ್," ಅಂದಳು. ನನ್ನ ಅಂಗೈ ತಾನಾಗಿಯೇ ತಟ್ಟೆಯ ಮೇಲೆ ಅಡ್ಡ ಹೋಯಿತು. ಅವಳು ಬೆಳ್ಳುಳ್ಳಿ ವಾಸನೆಯ ಬೆರಳುಗಳಿಂದ ನನ್ನ ಮಣಿಕಟ್ಟು ಹಿಡಿದು, ಕೈಯನ್ನು ಪಕ್ಕಕ್ಕೆ ಸರಿಸಿ, ನಾನ್ ಮುರಿದು ಹಾಕಿದಳು.

ನಾನು ತಲೆ ತಗ್ಗಿಸಿ ಅತ್ತೆ. ನಮ್ಮವರು ಹೋದಾಗಲೂ ನಾಲ್ಕು ಜನರ ಎದುರಿಗೆ ಹಾಗೆ ಅತ್ತಿರಲಿಲ್ಲ. ಅವಳು ಖಾರ ಹತ್ತಿತು ಅಂದುಕೊಂಡಳೋ ಏನೋ, ಚಹಾ ತಂದಿಟ್ಟಳು.

ಆಮೇಲೆ ಬೇರೆಲ್ಲೂ ಹೋಗಲಿಲ್ಲ. ಪ್ರತಿ ಶನಿವಾರ ಅದೇ ಮೇಜು, ಅದೇ ಒಂದು ಬೆರಳು, ಅದೇ ಲಗ್ಮನ್. ಮಾಂಸದ ಹೊಗೆಗೂ ಮೂಗು ಒಗ್ಗಿತು. ವಾರವಿಡೀ ನನ್ನನ್ನು ಮುಟ್ಟಿದ ಕೈ ಅದೊಂದೇ ಆಗಿರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಈ ವರ್ಷ ಚಳಿ ಶುರುವಾದಾಗ, ಒಂದು ರವಿವಾರದ ಫೋನಿನಲ್ಲಿ ಮಗಳು ಮಾತಿನ ನಡುವೆ ಹೇಳಿದಳು, ಅಳಿಯನ ಕಸಿನ್ ಹುಬ್ಬಳ್ಳಿಯಿಂದ ಓದಲು ಬರುತ್ತಿದ್ದಾನೆ, ಹಿಂದಿನ ರೂಮನ್ನು ಅವನಿಗೆ ಕೊಡುತ್ತಿದ್ದೇವೆ. "ಛಲೋ ಆತು ಬಿಡು," ಅಂದೆ. ಫೋನಿಟ್ಟ ಮೇಲೆ ಫ್ರಿಜ್ಜಿನಿಂದ ಶನಿವಾರದ ಡಬ್ಬಿ ತೆಗೆದು, ಬಿಸಿ ಮಾಡದೆ, ನಿಂತುಕೊಂಡೇ ತಿಂದೆ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂದಿತ್ತು.

ಮುಂದಿನ ಶನಿವಾರ ಹೋಟೆಲಿನಲ್ಲಿ ಮಂದಿ ಕಡಿಮೆ ಇದ್ದರು. ಅವಳು ಬೆಳ್ಳುಳ್ಳಿಯ ಬುಟ್ಟಿಯನ್ನು ನನ್ನ ಮೇಜಿಗೇ ತಂದು ಎದುರಿಗೆ ಕೂತಳು. "ಯೂ, ಬೇಬಿ?" ಅಂತ ಕೇಳಿದಳು, ಮಕ್ಕಳಿದ್ದಾರಾ ಅಂತ. "ಒಬ್ಬಳೇ ಮಗಳು, ಮೆಲ್ಬರ್ನಿನಲ್ಲಿ," ಅಂದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವಳು ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಅವಳಂಥದ್ದೇ ಹುಬ್ಬಿನ ಹುಡುಗಿ, ದ್ರಾಕ್ಷಿ ಬಳ್ಳಿಯ ಕೆಳಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ. "ಮೈ ಡಾಟರ್. ಹೋಮ್," ಅಂದಳು. ಫೋನನ್ನು ಕಿವಿಗೆ ಹಿಡಿದು ತೋರಿಸಿ, ಕೈ ಅಲ್ಲಾಡಿಸಿದಳು. "ನೋ. ಲಾಂಗ್ ಟೈಮ್ ನೋ."

ಯಾಕೆ ಅಂತ ನಾನು ಕೇಳಲಿಲ್ಲ. ಹೊರದೇಶದ ಫೋನ್ ಎತ್ತಿದರೆ ಅವರ ಊರಿನಲ್ಲಿ ಪೊಲೀಸರು ಹಿಡಿದೊಯ್ಯುತ್ತಾರೆ ಅಂತ ಟೀವಿಯಲ್ಲಿ ನೋಡಿದ್ದೆ. ಅವಳು ಫೋನನ್ನು ಜೇಬಿಗೆ ಹಾಕಿಕೊಂಡು, ನನ್ನ ಕಪ್ ಮುಟ್ಟಿ ನೋಡಿ, ಆರಿದೆ ಅಂತ ಬಿಸಿ ಚಹಾ ತರಲು ಎದ್ದು ಹೋದಳು.

ನನ್ನ ಫೋನ್ ಮೇಜಿನ ಮೇಲೆಯೇ ಇತ್ತು. ಒತ್ತಿದರೆ ಹತ್ತುವ ಫೋನ್, ಎತ್ತುವ ಮಗಳು. ಒತ್ತಿದೆ.

"ಅಮ್ಮ? ಈಸ್ ಎವ್ರಿಥಿಂಗ್ ಓಕೆ?" ಶನಿವಾರ ನಾನು ಫೋನ್ ಮಾಡುವವಳಲ್ಲ, ಅದಕ್ಕೇ ಗಾಬರಿ.

"ಆ ರೂಮು ನನಗ ಬೇಕಾಗಿತ್ತು," ಅಂದೆ.

"ವಿಚ್ ರೂಮ್?" ಅಂದಳು ಮೊದಲು. ಆಮೇಲೆ ಇಂಗ್ಲಿಷಿನಲ್ಲೇ ಅಂದಳು, ಆದರೆ ಅಮ್ಮ, ನಾನು ಕೇಳಿದ್ದೆನಲ್ಲ, ನೀನೇ ಬೇಡ ಅಂದೆ.

"ಒಂದ ಸಲ ಕೇಳಿದಿ."

"ಎಷ್ಟು ಸಲ ಕೇಳಬೇಕಿತ್ತು?" ಇದೂ ಇಂಗ್ಲಿಷಿನಲ್ಲೇ.

"ಮೂರು."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಅದು ನನಗೆ ಯಾರೂ ಹೇಳಲಿಲ್ಲ ಅಂದಳು, ದನಿ ಸಣ್ಣದಾಗಿತ್ತು. ನಿಜ, ಯಾರು ಹೇಳಬೇಕಿತ್ತು? ಯಾರಾದರೂ ಬೇಡ ಅಂದರೆ ಬೇಡ ಅಂತಲೇ ತಿಳಿಯಬೇಕು, ಮೇಲೆ ಬೀಳಬಾರದು, ಅಂತ ಅವಳು ಸ್ಕೂಲಿಗೆ ಹೋಗುವಾಗ ಕಲಿಸಿದವಳು ನಾನೇ. ಅವಳು ಕಲಿತಳು. ನಾನು ಮಾತ್ರ ಹಳೇ ಪಾಠವನ್ನೇ ಹಿಡಿದುಕೊಂಡು ಕೂತಿದ್ದೆ.

ಕಸಿನ್ ಆಗಲೇ ಬಂದು ಇಳಿದಿದ್ದ, ಅವನ ಮಂಚವನ್ನೂ ಹಾಕಿ ಆಗಿತ್ತು. ಅದನ್ನೆಲ್ಲ ಅವಳೇ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ಎಷ್ಟೋ ವರ್ಷದ ಮೇಲೆ, ಒಂದೊಂದೇ ಶಬ್ದ ಹುಡುಕಿಕೊಂಡು ಕನ್ನಡದಲ್ಲಿ ಕೇಳಿದಳು: "ಅಮ್ಮ, ನೀನು ಇಲ್ಲಿ ಬರ್ತೀಯಾ?"

"ಅಯ್ಯ, ಈಗ ಬ್ಯಾಡ ಬಿಡವ್ವಾ, ನಿಮಗ..." ಅಂದುಬಿಟ್ಟಿದ್ದೆ.

ನಾಲಿಗೆ ಕಚ್ಚಿಕೊಂಡೆ. ಈಗ ನೋ ವರೀಸ್ ಅಂತಾಳೆ, ಅಂದೇ ಅಂತಾಳೆ ಅಂತ ಕಾಯುತ್ತ ಕೂತೆ. ಒಳಗೆ ಆ ಮನುಷ್ಯ ಹಿಟ್ಟು ಬಡಿಯುತ್ತಿದ್ದ. ಅವನ ಅಕ್ಕ ಚಹಾ ಹಿಡಿದುಕೊಂಡು ಬಂದು, ನನ್ನ ಮುಖ ನೋಡಿ, ಕಪ್ ಇಡದೆ ಹಾಗೇ ನಿಂತಳು.

"ಅಮ್ಮ," ಅಂದಳು ಮಗಳು. "ಬರ್ತೀಯಾ?"

ಮೂರನೇ ಸಲಕ್ಕೆ ನಾನು ಕಾಯಲಿಲ್ಲ. "ಬರ್ತೀನಿ," ಅಂದೆ.