ಕಲ್ಲುಪ್ಪಿನ ಪರೀಕ್ಷೆ

ಬಾಗಲಗುಂಟೆಯ ಮನೆಯಲ್ಲಿ ನಾನೇ ಜೋಡಿಸಿದ ಹವಾಮಾನ ಅಳೆಯುವ ಯಂತ್ರವನ್ನು ವೈಟ್‌ಫೀಲ್ಡ್‌ನ ಎಂಜಿನಿಯರ್ ಒಬ್ಬರು ಕೊಂಡಿದ್ದರು. ಮೂರನೇ ದಿನವೇ ಫೋನ್ ಬಂತು.

"ನಿಮ್ಮ ಸೆನ್ಸರ್ ತಪ್ಪು ಮೇಡಂ. ತೇವಾಂಶ ಎಪ್ಪತ್ತೆರಡು ಅಂತಿದೆ. ನನ್ನ ಫಾರಿನ್ ಮೀಟರ್ ಅರವತ್ತು ಅಂತಿದೆ. ವಾಪಸ್ ತಗೊಳ್ಳಿ."

ಅದೊಂದು ವಾಪಸ್ ಬಂದರೆ ಅವರ ಲೇಔಟಿನಲ್ಲಿ ಮತ್ತೆ ಯಾರೂ ನನ್ನ ಯಂತ್ರ ಮುಟ್ಟುವುದಿಲ್ಲ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಅವರ ಮನೆಗೆ ಹೋದೆ.

"ಒಂದು ಹಿಡಿ ಕಲ್ಲುಪ್ಪು ಕೊಡಿ ಸಾರ್."

"ಯಾಕೆ, ದೃಷ್ಟಿ ತೆಗೀತೀರಾ?"

"ತೆಗೀಬೇಕು, ನಿಮ್ಮ ಮೀಟರ್‌ಗೆ."

ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ಟ ಗಾಳಿಯ ತೇವಾಂಶ ಶೇಕಡಾ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ; ಸರಿಯಾದ ಮೀಟರ್ ಅಷ್ಟೇ ತೋರಿಸಬೇಕು. ಅವರು ಉಪ್ಪಿಗೆ ಲೋಟದಿಂದ ನೀರು ಸುರಿಯಲು ಬಂದರು. "ಸಾರು ಮಾಡ್ತಿಲ್ಲ ಸಾರ್, ನಾಲ್ಕು ಹನಿ ಸಾಕು," ಎಂದು ತಡೆದೆ. ನನ್ನ ಸೆನ್ಸರನ್ನೂ ಅವರ ಮೀಟರನ್ನೂ ಉಪ್ಪಿನ ಜೊತೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿದೆ. "ನೀವು ಹೋಗಿ, ನಾನು ನೋಡ್ಕೊಂಡು ಹೇಳ್ತೀನಿ," ಎಂದರು. ನಾನು ಏಳಲಿಲ್ಲ. ಸಂಜೆಯವರೆಗೂ ಡಬ್ಬಿಯ ಎದುರೇ ಕೂತಿದ್ದೆ.

ಐದು ಗಂಟೆಗೆ ಇಬ್ಬರೂ ಬಗ್ಗಿ ನೋಡಿದೆವು. ನನ್ನದು ಎಪ್ಪತ್ತೈದು, ಅವರದು ಅರವತ್ತಮೂರು.

ಅವರು ಟೇಪು ಬಿಚ್ಚಿ ತಮ್ಮ ಮೀಟರನ್ನು ಕೈಗೆ ತೆಗೆದುಕೊಂಡರು. ಆಮೇಲೆ, "ಯಾವ ಕಾಲೇಜು ಮೇಡಂ ನಿಮ್ಮದು?" ಎಂದರು.

"ಪೀಣ್ಯದ ಗುಜರಿ ಅಂಗಡಿ. ಅಲ್ಲಿ ಹಳೇ ಪುಸ್ತಕ ತೂಕಕ್ಕೆ ಸಿಗುತ್ತೆ. ಎಲ್ಲಾ ಓದಿದ್ದೀನಿ."

"ನನ್ನ ಮೀಟರನ್ನೂ ಸರಿ ಮಾಡ್ಕೊಡ್ತೀರಾ?"

"ಮಾಡ್ತೀನಿ ಸಾರ್. ಪರದೇಶದ್ದಲ್ವಾ, ನಮ್ಮ ಹವಾಗೆ ಒಗ್ಗೋಕೆ ಸ್ವಲ್ಪ ಟೈಮ್ ಬೇಕು."