ಸಹಿ ಹಾಕದ ರಾಜೀನಾಮೆ

ತಿಪಟೂರಿನ ಹೊರವಲಯದ ಒಂದು ಖಾಸಗಿ ಪ್ರೌಢಶಾಲೆಯ ಕಚೇರಿಯಲ್ಲಿ ನಾನು ಗುಮಾಸ್ತೆ. ಹಾಜರಿ, ಟಿ.ಸಿ., ಇಲಾಖೆಗೆ ಹೋಗುವ ಕಾಗದ ಎಲ್ಲವೂ ನನ್ನ ಮೇಜಿನಿಂದಲೇ ಹೊರಡುತ್ತವೆ. ಶಿಕ್ಷಕಿಯರ ರಾಜೀನಾಮೆಗಳನ್ನೂ ನಾನೇ ಟೈಪ್ ಮಾಡುತ್ತಿದ್ದೆ.

ಅದು ನಮ್ಮಲ್ಲಿ ರೂಢಿ. ಬಸಿರಾದ ಯಾವ ಶಿಕ್ಷಕಿಗಾದರೂ ಏಳು ತಿಂಗಳು ತುಂಬಿದರೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಂದು ರಾಜೀನಾಮೆ ಸಿದ್ಧಮಾಡಿಸುತ್ತಿದ್ದರು. ‘ವೈಯಕ್ತಿಕ ಕಾರಣಗಳಿಂದ’ ಎಂದು ಒಂದೇ ಸಾಲು. ಆಕೆ ಸಹಿ ಹಾಕುತ್ತಿದ್ದಳು. ಮಗುವಿಗೆ ನಾಲ್ಕೈದು ತಿಂಗಳಾದ ಮೇಲೆ ಬಂದು ಕೇಳಿದರೆ, ಜಾಗ ಖಾಲಿ ಇದ್ದರೆ, ಹೊಸಬಳಂತೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ಕೊಬ್ಬರಿ ಮಂಡಿ ಇಟ್ಟುಕೊಂಡವರು. ಶಾಲೆ ಅವರ ತಂದೆ ಕಟ್ಟಿಸಿದ್ದು. ಬಾಣಂತಿಯ ಮನೆಗೆ ಒಳ್ಳೆಯ ಉಂಡೆ ಕೊಬ್ಬರಿ, ತುಪ್ಪ ಕಳಿಸುವುದನ್ನು ಒಮ್ಮೆಯೂ ಮರೆತವರಲ್ಲ. ನನ್ನ ಮಗ ಹುಟ್ಟುವ ಮುಂಚೆ ನಾನೂ ಅಂಥದೇ ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಆಗ ಅವರ ತಂದೆಯ ಕಾಲ.

ಈಚೆಗೆ ವಿಜ್ಞಾನ ಪಾಠ ಮಾಡುವ ಶಿಕ್ಷಕಿಯ ಸರದಿ ಬಂತು. ಶೆಟ್ಟಿಕೆರೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸೇರಿ ಮೂರು ವರ್ಷವಾಗಿತ್ತು, ಮೊದಲ ಬಸಿರು. ಹೆಚ್ಚು ಮಾತಿನವಳಲ್ಲ. ಕಾರ್ಯದರ್ಶಿಗಳು ಹೇಳಿದಂತೆ ನಾನು ಕಾಗದ ಸಿದ್ಧಮಾಡಿ, ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಕರೆದು ಮುಂದಿಟ್ಟೆ. ಅವಳು ಓದಿ ಪಕ್ಕಕ್ಕಿಟ್ಟು, ತನ್ನ ಬ್ಯಾಗಿನಿಂದ ಬೇರೆ ಎರಡು ಹಾಳೆ ತೆಗೆದಳು. ಹೆರಿಗೆ ರಜೆಯ ಅರ್ಜಿ, ಎರಡು ಪ್ರತಿ.

“ನಾನು ಕೆಲ್ಸ ಬುಡ್ತಿಲ್ಲ ಅಕ್ಕ. ರಜೆ ಕೇಳ್ತಿದೀನಿ.”

ಎಲ್ಲರಿಗೂ ಹೇಳುತ್ತಿದ್ದುದನ್ನೇ ಅವಳಿಗೂ ಹೇಳಿದೆ. ಸುಮ್ಮನೆ ನಿಷ್ಠುರ ಯಾಕೆ, ಆಮೇಲೆ ಹೇಗೂ ಸೇರಿಸಿಕೊಳ್ಳುತ್ತಾರೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, ನೀವೂ ಹೀಗೆ ಬರೆದುಕೊಟ್ಟಿದ್ದಿರಾ ಎಂದಳು.

“ಹೂಂ ಕಣಮ್ಮ. ಆಗೆಲ್ಲ ಕಾನೂನು ಗೀನೂನು ಯಾರಿಗೆ ಗೊತ್ತಿತ್ತು?”

“ಕಾನೂನು ಆವಾಗ್ಲೂ ಇತ್ತು ಅಕ್ಕ. ರಜೆ ಕಮ್ಮಿ ಇತ್ತು, ಅಷ್ಟೆ.”

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಎರಡನೆಯ ಪ್ರತಿಗೆ ಸೀಲು ಹಾಕಿ ಕೊಡಿ ಎಂದಳು. ಬಂದ ಕಾಗದ ಬರೆದಿಡುವ ಆವಕ ವಹಿಯಲ್ಲಿ ನಂಬರು ಬಿದ್ದು, ತಾರೀಖಿನ ಸೀಲು ಒತ್ತಿದ ಮೇಲೆ ಅರ್ಜಿ ಬಂದೇ ಇಲ್ಲ ಎಂದು ಹೇಳಲು ಬರುವುದಿಲ್ಲ. ಇದು ಶಾಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ನಂಬರು ಬರೆದು, ಸೀಲು ಒತ್ತಿ, ಸಹಿ ಮಾಡಿ ಕೊಟ್ಟೆ. ಅದು ಧೈರ್ಯ ಎನ್ನಲಾರೆ. ಅವಳು ಹೇಳಿದ ಮಾತು ಒಳಗೆಲ್ಲೋ ಉರಿಯುತ್ತಿತ್ತು.

ಮಾರನೆಯ ದಿನ ಕಾರ್ಯದರ್ಶಿಗಳು ಅರ್ಜಿ ನೋಡಿ, “ಇದುನ್ನ ತಗಳ್ಳಿ ಅಂತ ಯಾರು ಹೇಳಿದ್ರು?” ಎಂದರು.

“ಅರ್ಜಿ ಬಂದ್ರೆ ತಗಳ್ಳೋದು ನನ್ ಕೆಲ್ಸ ಸಾರ್.”

ಅವರು ಕೂಗಾಡಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲೂ ಇಲ್ಲ. ಮೂರನೆಯ ದಿನ ಆ ಶಿಕ್ಷಕಿಯ ಫೈಲು ತೆಗೆದುಕೊಂಡು ಬನ್ನಿ ಎಂದು ಕಾರಿನಲ್ಲಿ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಕೀಲರು ಅವರ ಅಕ್ಕನ ಮಗ. ಆಕೆ ಕಾಯಂ ಅಲ್ಲ, ಪ್ರತಿ ಜೂನಿಗೆ ಹೊಸ ನೇಮಕಾತಿ ಆದೇಶ ಕೊಡುತ್ತೇವೆ ಎಂದು ಕಾರ್ಯದರ್ಶಿಗಳು ವಾದಿಸಿದರು. ಕಾನೂನು ಅದನ್ನು ನೋಡುವುದಿಲ್ಲ, ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ ಎಂಬತ್ತು ದಿನ ದುಡಿದಿದ್ದರೆ ಸಾಕು ಎಂದರು ವಕೀಲರು. ಮೊದಲು ಹನ್ನೆರಡು ವಾರವಿದ್ದ ರಜೆ ಈಗ ಇಪ್ಪತ್ತಾರು ವಾರ, ಸಂಬಳದ ಸಮೇತ. ಹೊಸ ಕಾರ್ಮಿಕ ಸಂಹಿತೆಯಲ್ಲೂ ಹಾಗೇ ಉಳಿದಿದೆ ಎಂದು ವಿವರಿಸಿದರು. ಕೊನೆಗೆ ಫೈಲು ತಿರುವಿ, ಸಹಿ ಇಲ್ಲದ ಆ ರಾಜೀನಾಮೆ ಎತ್ತಿ ಹಿಡಿದರು.

“ಮಾವ, ಮೊದ್ಲು ಇದುನ್ನ ಹರಿದಾಕಿ.”

ಕಾರ್ಯದರ್ಶಿಗಳು ಅದನ್ನು ನಾಲ್ಕು ತುಂಡು ಮಾಡಿ ತಮ್ಮ ಜುಬ್ಬದ ಜೇಬಿಗೇ ಹಾಕಿಕೊಂಡರು. ವಾಪಸು ಬರುವಾಗ ದಾರಿಯುದ್ದಕ್ಕೂ ತೋಟಗಳನ್ನು ನೋಡುತ್ತಿದ್ದರು. ಶಾಲೆಯ ಗೇಟು ಹತ್ತಿರವಾದಾಗ, “ನಿಮ್ಗೂ ಆವಾಗ ಸಿಗಬೇಕಿತ್ತು ಅಂತೀರಾ?” ಎಂದರು.

“ಸಿಗಬೇಕಿತ್ತು ಸಾರ್.”



ರಜೆ ಮಂಜೂರಾಯಿತು. ವಿಜ್ಞಾನದ ಪಿರಿಯಡ್‌ಗಳನ್ನು ಗಣಿತದ ಮೇಷ್ಟ್ರು ಗೊಣಗುತ್ತಲೇ ತೆಗೆದುಕೊಂಡರು. ಹಿಂದೆ ರಾಜೀನಾಮೆ ಕೊಟ್ಟು ಮತ್ತೆ ಸೇರಿದ್ದ ಇಬ್ಬರು ಶಿಕ್ಷಕಿಯರು ಸಂತೋಷಪಡಲಿಲ್ಲ. ಇವಳೊಬ್ಬಳಿಗೆ ಯಾಕೆ ಎಂದು ನನ್ನನ್ನೇ ಕೇಳಿದರು. ಅವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತಿತ್ತು, ನನ್ನಲ್ಲೂ ಅದು ಇಲ್ಲದಿರಲಿಲ್ಲ. ಅವಳಿಗೆ ಹೆಣ್ಣುಮಗುವಾಯಿತು. ರಜೆ ಮುಗಿದ ದಿನವೇ ಬಂದು ಹಾಜರಿಗೆ ಸಹಿ ಮಾಡಿದಳು. ಅವಳ ಸೇವಾ ಪುಸ್ತಕದಲ್ಲಿ ‘ಹೆರಿಗೆ ರಜೆ’ ಎಂದು ಬರೆದೆ. ನಮ್ಮ ಶಾಲೆಯಲ್ಲಿ ನಾನು ಆ ಎರಡು ಪದ ಬರೆದದ್ದು ಅದೇ ಮೊದಲು.

ಮುಂದಿನ ಬೇಸಿಗೆಯಲ್ಲಿ ಎರಡು ಹುದ್ದೆಗೆ ಸಂದರ್ಶನ ನಡೆಯಿತು. ನಡಾವಳಿ ಬರೆಯಲು ನಾನು ಪಕ್ಕದಲ್ಲಿ ಕೂತಿದ್ದೆ. ಮೊದಲು ಬಂದ ಹೆಣ್ಣುಮಗಳನ್ನು ಕಾರ್ಯದರ್ಶಿಗಳು, ಮದುವೆ ಆಗಿದೆಯಾ, ಮಕ್ಕಳ ಯೋಚನೆ ಇದೆಯಾ ಎಂದು ಕೇಳಿದರು.

“ಇದುನ್ನೂ ನಡಾವಳೀಲಿ ಬರೀಲಾ ಸಾರ್?” ಎಂದೆ.

ಅವರು ನನ್ನತ್ತ ನೋಡಿ, ಅವಳ ಬಿ.ಎಡ್. ಅಂಕ ಕೇಳಿದರು. ಆಮೇಲೆ ಬಂದ ಯಾರಿಗೂ ಆ ಪ್ರಶ್ನೆ ಹಾಕಲಿಲ್ಲ. ಕೊನೆಗೆ ಎರಡೂ ಹುದ್ದೆಗೆ ಗಂಡಸರೇ ಆಯ್ಕೆಯಾದರು. ಒಬ್ಬರು ನಿಜಕ್ಕೂ ಚೆನ್ನಾಗಿ ಪಾಠ ಮಾಡುತ್ತಾರೆ. ಇನ್ನೊಬ್ಬರನ್ನು ಯಾಕೆ ಆರಿಸಿದರೆಂದು ನಾನು ಕೇಳಲಿಲ್ಲ.